ಓಡುವವರ ಬೆವರು, ಹಾಸ್ಪಿಸ್‌ನ ಹಾಸಿಗೆ

ಲಂಡನ್ ಮ್ಯಾರಥಾನ್ ನೋಡಲು ರಸ್ತೆ ಬದಿ ನಿಂತವರಿಗೆ ಓಟಗಾರರ ಕಾಲಿಗಿಂತ ಅಂಗಿಯ ಮೇಲಿನ ಬರಹವೇ ಮೊದಲು ಕಣ್ಣಿಗೆ ಬೀಳುತ್ತದೆ. ‘ಅಮ್ಮನಿಗಾಗಿ’ ಎಂಬ ಒಂದು ಸಾಲು, ಅದರ ಕೆಳಗೆ ಯಾವುದೋ ಊರಿನ ಹಾಸ್ಪಿಸ್‌ನ, ಅಂದರೆ ಸಾವಿನ ಹೊಸ್ತಿಲಲ್ಲಿರುವವರನ್ನು ನೋಡಿಕೊಳ್ಳುವ ಮನೆಯ, ಹೆಸರು. ಅದಕ್ಕೆ ದುಡ್ಡು ಕೂಡಿಸಲೆಂದೇ ಅವರ ಓಟ. ಮನೆಯವರ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಕಂಡ ನಮಗೆ ಇದು ತೀರಾ ಅಪರಿಚಿತವೇನಲ್ಲ. ಆದರೆ ಇಲ್ಲಿ ವಾಸಿಯಾಗುವ ಮಾತೇ ಇಲ್ಲ. ಕೊನೆಯ ದಿನಗಳು ನೋವಿಲ್ಲದೆ ಕಳೆಯಲಿ ಎಂಬುದಷ್ಟೇ ಬೇಡಿಕೆ.

ಈ ಬೇಡಿಕೆಗೆ ದುಡ್ಡು ಎತ್ತುವ ಪರಿಪಾಠ ಓಟಕ್ಕಿಂತ ಹಳೆಯದು. 1948ರ ಫೆಬ್ರುವರಿಯಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ವಾರ್ಸಾದಿಂದ ಬಂದಿದ್ದ ಯಹೂದಿ ಡೇವಿಡ್ ತಾಸ್ಮಾ ಕ್ಯಾನ್ಸರಿನಿಂದ ತೀರಿಕೊಂಡರು. ಬಂಧುಬಳಗವಿಲ್ಲದ ಅವರನ್ನು ಸಿಸಿಲಿ ಸಾಂಡರ್ಸ್ ಎಂಬ ಸಮಾಜ ಕಾರ್ಯಕರ್ತೆ ಬಂದು ಮಾತನಾಡಿಸುತ್ತಿದ್ದರು. ತಾಸ್ಮಾ ಆಕೆಗೆ 500 ಪೌಂಡ್ ಬಿಟ್ಟುಹೋದರು. ನೀವು ಕಟ್ಟುವ ಮನೆಗೆ ನನ್ನದೊಂದು ಕಿಟಕಿ ಇರಲಿ ಎಂದಿದ್ದರಂತೆ. ಆ ಮನೆ, ಅಂದರೆ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್, ಬಾಗಿಲು ತೆರೆದದ್ದು 1967ರಲ್ಲಿ. ಅಷ್ಟರೊಳಗೆ ಸಿಸಿಲಿ ವೈದ್ಯಕೀಯ ಓದಿ ಡಾಕ್ಟರಾಗಿದ್ದರು.

ಆಗಿನ ವಾರ್ಡುಗಳಲ್ಲಿ ರೋಗಿ ನೋವು ತಾಳಲಾರದೆ ನರಳಿದ ಮೇಲೆ ಮಾರ್ಫಿನ್ ಕೊಡುವುದು ರೂಢಿಯಾಗಿತ್ತು. ಗಂಟೆ ನೋಡಿಕೊಂಡು, ನೋವು ಮರಳುವ ಮೊದಲೇ ಮುಂದಿನ ಡೋಸ್ ಬಾಯಿಗೆ ಹಾಕುವ ಕ್ರಮವನ್ನು ಸಿಸಿಲಿ ಲಂಡನ್ನಿನ ಬೇಸ್‌ವಾಟರ್‌ನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಕಂಡಿದ್ದರು. ಅದನ್ನೇ ಬೆಳೆಸಿ, ದಾಖಲಿಸಿ, ವೈದ್ಯಲೋಕ ಒಪ್ಪುವಂತೆ ಮಾಡಿದರು. ನೋವೆಂದರೆ ಮೈಯದಷ್ಟೇ ಅಲ್ಲ; ಮನೆಯ ಚಿಂತೆ, ಒಂಟಿತನ, ಭಯ ಎಲ್ಲವೂ ಅದರಲ್ಲಿ ಸೇರಿದೆ ಎಂದು ವಾದಿಸಿದರು.

ತಾಸ್ಮಾ ತೀರಿಕೊಂಡ ವರ್ಷದ ಜುಲೈನಲ್ಲೇ ಬ್ರಿಟನ್ನಿನ ಉಚಿತ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಯಿತು. ಸಿಸಿಲಿ ಮಾತ್ರ ಬೇಕೆಂದೇ ಅದರ ಹೊರಗೆ ನಿಂತರು. ಹೊಸ ರೀತಿಯ ಆರೈಕೆಯನ್ನು ಹೊರಗೆ ಕಟ್ಟಿ ತೋರಿಸಿದರೆ ಮಾತ್ರ ಒಳಗಿನವರು ಕಲಿಯುತ್ತಾರೆಂಬ ಲೆಕ್ಕಾಚಾರ ಅವರದು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದರ ಬೆಲೆಯನ್ನು ಹಾಸ್ಪಿಸ್‌ಗಳು ಇಂದಿಗೂ ತೆರುತ್ತಿವೆ. ಇಂಗ್ಲೆಂಡಿನಲ್ಲಿ ವಯಸ್ಕರ ಹಾಸ್ಪಿಸ್‌ಗಳ ಖರ್ಚಿನಲ್ಲಿ ಸರ್ಕಾರದ ಪಾಲು ಸುಮಾರು ಮೂರರಲ್ಲಿ ಒಂದು. ಉಳಿದದ್ದು ಉಯಿಲು, ಹಳೆ ಬಟ್ಟೆಯಂಗಡಿ, ಡಬ್ಬಿ ಹಣ ಮತ್ತು ಓಟದಿಂದ ಬರಬೇಕು. ಹೆರಿಗೆಗೆ ಯಾರೂ ಚಂದಾ ಎತ್ತಬೇಕಿಲ್ಲದ ದೇಶದಲ್ಲಿ ಸಾವಿಗೆ ಎತ್ತಬೇಕಾಗಿರುವುದು ನನಗಂತೂ ಸರಿಕಾಣುವುದಿಲ್ಲ.

ಓಟ ಈ ಲೆಕ್ಕಕ್ಕೆ ಸೇರಿದ್ದು ತಡವಾಗಿ. ಒಲಿಂಪಿಕ್ ಚಿನ್ನ ಗೆದ್ದಿದ್ದ ಕ್ರಿಸ್ ಬ್ರೇಷರ್ 1979ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದು, ಗೆಳೆಯ ಜಾನ್ ಡಿಸ್ಲಿಯ ಜೊತೆ 1981ರಲ್ಲಿ ಲಂಡನ್ನಿನಲ್ಲೂ ಓಟ ಏರ್ಪಡಿಸಿದರು. ಉಳಿದ ಹಣ ನಗರದ ಕ್ರೀಡಾ ಸೌಲಭ್ಯಕ್ಕೆ ಎಂಬುದು ಅವರ ಉದ್ದೇಶಗಳಲ್ಲೊಂದಾಗಿತ್ತು. ತಮ್ಮ ತಮ್ಮ ಸಂಸ್ಥೆಗಳಿಗೆ ದೇಣಿಗೆ ಕೂಡಿಸುವ ಅಭ್ಯಾಸವನ್ನು ಬೆಳೆಸಿದ್ದು ಓಟಗಾರರೇ. ಈಗ ಸಂಸ್ಥೆಗಳು ಆಯೋಜಕರಿಂದ ಜಾಗ ಕೊಂಡು, ಇಂತಿಷ್ಟು ಹಣ ತರುತ್ತೇನೆಂದು ಮಾತು ಕೊಟ್ಟವರಿಗೆ ಹಂಚುತ್ತವೆ. 2019ರ ಒಂದೇ ಓಟದಿಂದ ಕೂಡಿದ್ದು 6 ಕೋಟಿ 60 ಲಕ್ಷ ಪೌಂಡಿಗೂ ಹೆಚ್ಚು.

ಹಾಗೆ ಹಣ ಕೂಡಿಸಲು ಓಡಿದವರಲ್ಲಿ ಒಬ್ಬರು ಲೀಡ್ಸ್‌ನ ಜೇನ್ ಟಾಮ್ಲಿನ್ಸನ್. ಅವರಿಗೆ 2000ದಲ್ಲಿ ವೈದ್ಯರು ಕ್ಯಾನ್ಸರ್ ಗುಣವಾಗದೆಂದು ಹೇಳಿದ್ದರು. ಮೂರು ಮಕ್ಕಳ ತಾಯಿ ಆಕೆ. 2002ರಲ್ಲಿ ಲಂಡನ್ ಮ್ಯಾರಥಾನ್ ಮುಗಿಸಿದರು, 2006ರಲ್ಲಿ ಅಮೆರಿಕವನ್ನು ಸೈಕಲ್ಲಿನಲ್ಲಿ ದಾಟಿದರು. ಕೂಡಿಸಿದ್ದು ಸುಮಾರು 18.5 ಲಕ್ಷ ಪೌಂಡ್. 2007ರಲ್ಲಿ ಕೊನೆಯುಸಿರೆಳೆದದ್ದು ತಮ್ಮೂರಿನ ಸೇಂಟ್ ಜೆಮ್ಮಾಸ್ ಹಾಸ್ಪಿಸ್‌ನಲ್ಲಿ.

ನಮ್ಮಲ್ಲೂ ಹಾಸ್ಪಿಸ್ ಇದೆ: ಬೆಂಗಳೂರಿನ ಕರುಣಾಶ್ರಯ 1999ರಿಂದ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಬಿಡಿಗಾಸು ಕೇಳದೆ ನೋಡಿಕೊಳ್ಳುತ್ತಿದೆ. ಅದಕ್ಕೂ ದಾನಿಗಳೇ ಆಸರೆ. 2008ರಲ್ಲಿ ಶುರುವಾದ ಇಲ್ಲಿನ 10ಕೆ ಓಟದಲ್ಲೂ ಸೇವಾ ಸಂಸ್ಥೆಗಳಿಗೆ ಹಣ ಕೂಡಿಸುವವರಿದ್ದಾರೆ. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಹಾಕಿದರೆ, ‘ಓಡೋದು ನೀನು, ದುಡ್ಡು ಮಾತ್ರ ನಾವಾ?’ ಎಂದು ಕಾಲೆಳೆಯುವವರು ಇದ್ದೇ ಇರುತ್ತಾರೆ. ಹಾಗೆ ಕಾಲೆಳೆದವರೇ ಸಾವಿರ ರೂಪಾಯಿ ಹಾಕಿ ಸುಮ್ಮನಾಗುವುದೂ ಉಂಟು.