ಜಾತ್ರೆಯ ಛಾಯಾಗ್ರಹಣ: ತೊರವಿಯ ದನಗಳ ಸಂತೆಯನ್ನು ಕುರಿತು ಕೆಲವು ವಿಚಾರಗಳು

ಛಾಯಾಗ್ರಹಣದ ಇತಿಹಾಸದಲ್ಲಿ ವಿಜಯಪುರದ ಹೆಸರು ಬಹು ಮೊದಲೇ ಬರುತ್ತದೆ. 1855ರಲ್ಲಿ ಮುಂಬಯಿಯ ಕಂಪನಿ ಸರಕಾರವು ಪಶ್ಚಿಮ ಭಾರತದ ಪ್ರಾಚೀನ ಕಟ್ಟಡಗಳ ಚಿತ್ರಗಳನ್ನು ತೆಗೆಯುವ ಕಾರ್ಯಕ್ಕೆ ಫಿರಂಗಿದಳದ ಅಧಿಕಾರಿಯಾದ ಥಾಮಸ್ ಬಿಗ್ಸ್ ಎಂಬವರನ್ನು ನಿಯಮಿಸಿತು. ಅವರು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ತೆಗೆದರು. ಆ ವರ್ಷದ ಕೊನೆಯಲ್ಲಿ ಅವರು ಸೈನ್ಯಕ್ಕೆ ಮರಳಬೇಕಾದುದರಿಂದ ಕಾರ್ಯವು ಡಾಕ್ಟರ್ ಪಿಗೌ ಅವರ ಕೈಗೆ ಬಂದಿತು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಬೃಹದ್ಗ್ರಂಥದಲ್ಲಿ ಬಿಗ್ಸ್‌ರ ಚಿತ್ರಗಳೂ ಸೇರಿವೆ. ಮೆಡೋಸ್ ಟೇಲರ್ ಅದಕ್ಕೆ ಚರಿತ್ರೆಯನ್ನೂ ಜೇಮ್ಸ್ ಫರ್ಗ್ಯುಸನ್ ವಾಸ್ತು ಟಿಪ್ಪಣಿಗಳನ್ನೂ ಬರೆದರು. 1916ರಲ್ಲಿ ಹೆನ್ರಿ ಕಝೆನ್ಸ್ ಅದೇ ವಿಷಯದ ಮೇಲೆ ಇನ್ನೊಂದು ಗ್ರಂಥವನ್ನು ಹೊರತಂದರು.

ಈ ಗ್ರಂಥಗಳಿಂದ ಗೋಳಗುಮ್ಮಟದ ಗೋಡೆಗಳನ್ನೂ ಇಬ್ರಾಹಿಮ ರೋಜಾದ ಕಮಾನುಗಳನ್ನೂ ಕುರಿತು ನಾವು ಬಹಳಷ್ಟನ್ನು ಅರಿಯಬಹುದು. ಆದರೆ ಆ ಗೋಡೆಗಳ ನೆರಳಿನಲ್ಲಿ ಸಂತೆ ಮಾಡಿದ ಜನರ ವಿಷಯವಾಗಿ ಅವುಗಳಿಂದ ತಿಳಿಯುವುದು ಅತ್ಯಲ್ಪ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕಾಗದದ ನೆಗೆಟಿವ್‌ಗೆ ದೀರ್ಘಕಾಲದ ಬೆಳಕು ಬೇಕಾಗಿತ್ತು. ನಡೆದಾಡುವ ಮನುಷ್ಯನು ಅದರ ಮೇಲೆ ಮೂಡುತ್ತಿರಲಿಲ್ಲ, ಮೂಡಿದರೂ ಮಸುಕಾಗಿ ಉಳಿಯುತ್ತಿದ್ದನು. ಎರಡನೆಯದು, ಚಿತ್ರ ತೆಗೆಯಿಸಿದವರಿಗೆ ಬೇಕಾದುದು ಕಟ್ಟಡ, ಜನರಲ್ಲ. ಮೊದಲನೆಯ ಅಡಚಣೆಯು ಎಂದೋ ತೊಲಗಿಹೋಯಿತು. ಎರಡನೆಯದು ನಮ್ಮ ಸಂಶೋಧನ ವಿಭಾಗಗಳಲ್ಲಿ ಇಂದಿಗೂ ಪೂರ್ಣವಾಗಿ ತೊಲಗಿಲ್ಲ. ಶಾಸನದ ಕಲ್ಲಿಗೆ ಹತ್ತು ಚಿತ್ರ ತೆಗೆಯುವ ನಾವು ಅದೇ ಊರಿನ ಜಾತ್ರೆಗೆ ಒಂದನ್ನೂ ತೆಗೆಯದೆ ಬರುತ್ತೇವೆ. ಆದುದರಿಂದ ಜಾತ್ರೆಯನ್ನು ಚಿತ್ರಿಸುವ ಕ್ರಮವನ್ನು ಕುರಿತು, ನಮ್ಮ ಅನುಭವಕ್ಕೆ ಬಂದಷ್ಟನ್ನು, ಅದರಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಸೇರಿಸಿ, ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

1. ಜಾತ್ರೆಯ ಸ್ವರೂಪ

ವಿಜಯಪುರದ ಶ್ರೀ ಸಿದ್ಧೇಶ್ವರ ಜಾತ್ರೆಯು ಮಕರ ಸಂಕ್ರಮಣದ ಕಾಲದಲ್ಲಿ ನಡೆಯುತ್ತದೆ. ಹನ್ನೆರಡನೆಯ ಶತಮಾನದ ಶರಣ, ಸೊನ್ನಲಿಗೆಯ ಸಿದ್ಧರಾಮನ ಹೆಸರಿನ ಜಾತ್ರೆಯು ಇದೇ ದಿನಗಳಲ್ಲಿ ಸೊಲ್ಲಾಪುರದಲ್ಲಿಯೂ ಜರುಗುವುದು ವಾಚಕರಿಗೆ ತಿಳಿದೇ ಇದೆ. ಎರಡೂ ಕಡೆ ಎತ್ತರವಾದ ನಂದಿಧ್ವಜಗಳ ಮೆರವಣಿಗೆಯೇ ಮುಖ್ಯ. ವಿಜಯಪುರದಲ್ಲಿ ಇದರೊಡನೆ ಹೋಮ, ಮದ್ದು ಸುಡುವುದು, ಸಂಗ್ರಾಣಿ ಕಲ್ಲು ಮೊದಲಾದ ಭಾರಗಳನ್ನು ಎತ್ತುವ ಪಂದ್ಯ, ಕುಸ್ತಿ ಇವೆಲ್ಲ ಕೂಡಿಕೊಳ್ಳುತ್ತವೆ.

ದನಗಳ ಜಾತ್ರೆಯು ನೆರೆಯುವುದು ನಗರದ ಪಶ್ಚಿಮಕ್ಕೆ, ಟಿಕೋಟಾದ ದಾರಿಯಲ್ಲಿರುವ ತೊರವಿಯ ಬಳಿ. ಕುಮಾರವಾಲ್ಮೀಕಿಯ ರಾಮಾಯಣದಿಂದ ಈ ಊರಿನ ಹೆಸರು ಕನ್ನಡಿಗರಿಗೆಲ್ಲ ಪರಿಚಿತ. ಟಿಕೋಟಾ, ಬಬಲೇಶ್ವರಗಳ ಸುತ್ತಲಿನ ಹಳ್ಳಿಗಳಿಂದಲೂ ಗಡಿಯಾಚೆಯ ಮಹಾರಾಷ್ಟ್ರದ ಊರುಗಳಿಂದಲೂ ರೈತರು ಇಲ್ಲಿಗೆ ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ. ಬರುವ ದನಗಳಲ್ಲಿ ಎದ್ದುಕಾಣುವುದು ಖಿಲಾರಿ ತಳಿ: ಬೆಳ್ಳಗಿನ ಮೈ, ನೀಳವಾದ ಮುಖ, ಹಣೆಯ ನಡುವೆ ತಗ್ಗು, ಹಿಂದಕ್ಕೆ ಬಾಗಿ ಮೇಲಕ್ಕೇರಿದ ಚೂಪಾದ ಕೋಡು, ಚುರುಕಾದ ನಡೆ.

ಈ ಸೀಮೆಯ ಒಕ್ಕಲುತನವು ನಮ್ಮ ಕಣ್ಣೆದುರಿಗೇ ಬದಲಾಗುತ್ತಿದೆ. ಟಿಕೋಟಾದ ಕಡೆಗೆ ದ್ರಾಕ್ಷಿಯ ಪಡಗಳು ಹಬ್ಬಿವೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಿಳಿಜೋಳದ ಎರೆಹೊಲಗಳತ್ತ ಬಂದಿದೆ. ಉಳುವ ಕೆಲಸದ ಬಹುಭಾಗವನ್ನು ಟ್ರ್ಯಾಕ್ಟರು ವಹಿಸಿಕೊಂಡಿದೆ. 2022ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ದನಗಳ ಸಂತೆಗಳನ್ನೂ ಜಾತ್ರೆಗಳನ್ನೂ ನಿಲ್ಲಿಸಬೇಕಾಯಿತು. ಪ್ರತಿವರ್ಷ ನೆರೆಯುವುದೆಂದು ನಾವು ನಂಬಿದ ಸಂತೆಯು ಒಂದು ವರ್ಷ ನೆರೆಯದಿರಬಹುದು. ಚಿತ್ರಗಳನ್ನು ಈಗಲೇ ತೆಗೆದಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

2. ಬೆಳಕಿನ ಲೆಕ್ಕ

ಸಂಕ್ರಮಣದ ಹೊತ್ತಿಗೆ ವಿಜಯಪುರದಲ್ಲಿ ಸೂರ್ಯನು ಬೆಳಗಿನ 7 ಗಂಟೆಯ ಸುಮಾರಿಗೆ ಮೂಡಿ ಸಂಜೆ 6 ಗಂಟೆ 10 ನಿಮಿಷದ ಸುಮಾರಿಗೆ ಮುಳುಗುತ್ತಾನೆ. ಗಡಿಯಾರದ 12 ಗಂಟೆ 35 ನಿಮಿಷದ ಸುಮಾರಿಗೆ ಅವನು ಅತ್ಯುನ್ನತಿಗೆ ಬಂದಾಗಲೂ ದಕ್ಷಿಣ ದಿಗಂತದಿಂದ ಸುಮಾರು 52 ಅಂಶಗಳಷ್ಟೇ ಮೇಲಿರುತ್ತಾನೆ. ಬೇಸಗೆಯ ಜಾತ್ರೆಗಳಲ್ಲಿ ನಡುಹಗಲ ಬಿಸಿಲು ನೆತ್ತಿಯಿಂದ ಇಳಿದು ಕಣ್ಣುಗುಳಿಗಳನ್ನು ಕಪ್ಪಾಗಿಸುತ್ತದೆ. ಈ ಜಾತ್ರೆಯಲ್ಲಿ ಆ ತೊಂದರೆಯು ಅಷ್ಟಿಲ್ಲ. ಆದರೂ ಮುಂಜಾನೆ 7ರಿಂದ 9ರ ವರೆಗಿನ ಓರೆಬಿಸಿಲೇ ಉತ್ತಮ. ಆಗ ದನಗಳಿಗೆ ಕಣಿಕೆ ಹಾಕುವುದು, ಮೈ ತಿಕ್ಕುವುದು, ಚಹದ ಅಂಗಡಿಯ ಮುಂದೆ ದಲಾಲರು ಕೂಡುವುದು ಇವೆಲ್ಲವೂ ನಡೆಯುತ್ತಿರುತ್ತವೆ. ಎದ್ದ ಧೂಳೂ ಬೆಳಕಿನಲ್ಲಿ ಕಾಣಿಸುತ್ತದೆ. ಆ ಧೂಳಿನಲ್ಲಿ ಮಾತ್ರ ಮಸೂರವನ್ನು ಬಿಚ್ಚಿ ಬದಲಿಸಬಾರದು.

ಇಲ್ಲಿಯ ನಿಜವಾದ ತೊಡಕು ಬಣ್ಣಗಳದು. ಖಿಲಾರಿಯ ಮೈ ಬಿಳಿ. ಅದು ನಿಂತ ಎರೆಮಣ್ಣು ಕಪ್ಪು. ಒಡೆಯನ ತಲೆಯ ಮೇಲೆ ಬಿಳಿಯ ಟೋಪಿ, ಅದರ ಕೆಳಗೆ ಬಿಸಿಲಿಗೆ ಕಂದಿದ ಮುಖ. ಕ್ಯಾಮರಾದೊಳಗಿನ ಬೆಳಕಿನ ಮಾಪಕವು ಬಿಳಿ ಯಾವುದು, ಕಪ್ಪು ಯಾವುದು ಎಂದು ಅರಿಯದು. ತನ್ನೆದುರಿನದೆಲ್ಲವೂ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಪ್ರತಿಫಲಿಸುವ ನಡುಬೂದು ಎಂದೇ ಅದು ಭಾವಿಸುತ್ತದೆ. ಆದಕಾರಣ ಚೌಕಟ್ಟಿನ ತುಂಬ ಬಿಳಿಯ ಎತ್ತು ಇದ್ದರೆ ಚಿತ್ರದಲ್ಲಿ ಅದು ಬೂದಿಬಣ್ಣಕ್ಕೆ ತಿರುಗುತ್ತದೆ. ಚೌಕಟ್ಟಿನ ಬಹುಭಾಗ ಎರೆಮಣ್ಣೇ ಇದ್ದು ಎತ್ತು ಚಿಕ್ಕದಾಗಿದ್ದರೆ ಎತ್ತಿನ ಮೈಯೆಲ್ಲ ಸುಣ್ಣ ಬಳಿದಂತಾಗಿ ಕೂದಲಿನ, ಸ್ನಾಯುವಿನ ಗುರುತೇ ಉಳಿಯುವುದಿಲ್ಲ. ಮೊದಲನೆಯ ಸಂದರ್ಭದಲ್ಲಿ ಮಾಪಕವು ಹೇಳಿದುದಕ್ಕಿಂತ ಬೆಳಕನ್ನು ಹೆಚ್ಚಿಸಬೇಕು, ಎರಡನೆಯದರಲ್ಲಿ ತಗ್ಗಿಸಬೇಕು. ಎರಡಕ್ಕೂ ಸುಲಭವಾದ ಉಪಾಯವೆಂದರೆ ಮಾಪಕವನ್ನು ನಂಬದೆ ಬಿಸಿಲನ್ನೇ ನಂಬುವುದು. ತಿಳಿಬಿಸಿಲಿನಲ್ಲಿ ಐಎಸ್‌ಒ 100 ಇಟ್ಟು, ದ್ವಾರವು ಎಫ್ 16, ಕಾಲವು ಸೆಕೆಂಡಿನ ನೂರನೆಯ ಒಂದು ಭಾಗ ಎಂಬ ಹಳೆಯ ಸೂತ್ರವು ಬಿಳಿಯ ಎತ್ತಿಗೂ ಕರಿಯ ಎಮ್ಮೆಗೂ ಒಂದೇ. ಸೂತ್ರವು ವಸ್ತುವಿನ ಬಣ್ಣವನ್ನಲ್ಲ, ಅದರ ಮೇಲೆ ಬೀಳುವ ಬೆಳಕನ್ನು ಅವಲಂಬಿಸಿದೆ. ಇನ್ನು ಟೋಪಿಯ ಕೆಳಗಿನ ಮುಖವು ಬೇಕಾದಲ್ಲಿ ಮನುಷ್ಯನನ್ನು ಬೇವಿನ ನೆರಳಿಗೋ ಶಾಮಿಯಾನದ ಅಂಚಿಗೋ ಕರೆಯುವುದೇ ಸರಿ.

ನಂದಿಧ್ವಜಗಳನ್ನು ದೂರದಿಂದ, ಎತ್ತರದ ಕಟ್ಟೆಯ ಮೇಲೆ ನಿಂತು, ಚೌಕಟ್ಟನ್ನು ಉದ್ದಕ್ಕೆ ಹಿಡಿದು ತೆಗೆಯಬೇಕು. ಭಾರ ಎತ್ತುವವನಿಗೆ ಸೆಕೆಂಡಿನ ಐನೂರನೆಯ ಒಂದು ಭಾಗವೂ, ಮದ್ದಿಗೆ ಮುಕ್ಕಾಲಿಯ ಮೇಲೆ ಎರಡು ಮೂರು ಸೆಕೆಂಡುಗಳೂ ಸಾಕು.

3. ದನವನ್ನು ಚಿತ್ರಿಸುವ ಬಗೆ

ತಳಿಯ ಅಧ್ಯಯನಕ್ಕೆ ಉಪಯುಕ್ತವಾಗುವ ಚಿತ್ರವು ಅಂದವಾಗಿದ್ದರಷ್ಟೇ ಸಾಲದು, ಅಳತೆಗೆ ನಿಲ್ಲಬೇಕು. ಇಂದಿನ ದೂರವಾಣಿಗಳ ಮುಖ್ಯ ಮಸೂರವು ಸಾಮಾನ್ಯವಾಗಿ ಅಗಲನೋಟದ್ದು. ಅದನ್ನು ಹಿಡಿದು ಎತ್ತಿನ ಮುಂದೆ ಎರಡು ಹೆಜ್ಜೆಯಲ್ಲಿ ನಿಂತರೆ ತಲೆಯು ಹಿಗ್ಗಿ, ಹಿಂಭಾಗವು ಕುಗ್ಗಿ ಕಾಣುತ್ತದೆ. ಹತ್ತು ಹನ್ನೆರಡು ಹೆಜ್ಜೆ ಹಿಂದೆ ಸರಿದು, ಕ್ಯಾಮರಾವನ್ನು ಎತ್ತಿನ ಮೈಯ ನಡುಮಟ್ಟಕ್ಕೆ ಇಳಿಸಿ, ನಾಲ್ಕು ಕಾಲುಗಳೂ ಕಾಣುವಂತೆ ಪಕ್ಕದ ನೋಟವನ್ನು ತೆಗೆಯಬೇಕು. ಅನಂತರ ಎದುರಿನಿಂದ ಹಣೆ ಮತ್ತು ಕೋಡುಗಳು, ಕೊನೆಗೆ ಹಿಂಭಾಗ. ಅಳತೆಯ ಗುರುತುಳ್ಳ ಕೋಲೊಂದನ್ನು ಒಂದು ಚಿತ್ರದಲ್ಲಾದರೂ ಎತ್ತಿನ ಪಕ್ಕದಲ್ಲಿ ನಿಲ್ಲಿಸಬೇಕು. ಕೋಡಣಸು, ಹಣೆಗೊಂಡೆ, ಕೊರಳಗೆಜ್ಜೆ, ಝೂಲಗಳಿಂದ ಸಿಂಗರಿಸಿದ ಎತ್ತನ್ನು ಸಿಂಗಾರದೊಡನೆ ಒಮ್ಮೆ, ಒಡೆಯನು ಒಪ್ಪಿದರೆ ಸಿಂಗಾರ ತೆಗೆದು ಇನ್ನೊಮ್ಮೆ ಚಿತ್ರಿಸುವುದು ಯುಕ್ತ. ಒಂದು ಕರಕುಶಲದ ದಾಖಲೆ, ಇನ್ನೊಂದು ತಳಿಯ ದಾಖಲೆ.

ವಯಸ್ಸಿನ ನಿರ್ಣಯವು ಹಲ್ಲಿನಿಂದ. ದನಕ್ಕೆ ಮೇಲಿನ ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಕೆಳಗಿನ ಎಂಟು ಹಾಲುಹಲ್ಲುಗಳು ಜೋಡಿ ಜೋಡಿಯಾಗಿ ಬಿದ್ದು ಹೊಸವು ಬರುತ್ತವೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ರೈತರು ಹೇಳುವುದು ಈ ಲೆಕ್ಕವನ್ನೇ. ತುಟಿಯನ್ನು ಬಿಡಿಸುವ ಕೆಲಸವನ್ನು ಒಡೆಯನಿಗೇ ಬಿಟ್ಟು, ಆ ಕ್ಷಣದ ಚಿತ್ರವನ್ನು ತೆಗೆದುಕೊಂಡರೆ ಅವನ ಕೈಯ ಪಳಗಿಕೆಯೂ ದಾಖಲಾಗುತ್ತದೆ.

4. ವ್ಯವಹಾರ ಮತ್ತು ಮನುಷ್ಯ

ದನದ ಬೆಲೆಯು ನಿಗದಿಯಾಗುವುದು ಟವೆಲ್ಲಿನ ಮರೆಯಲ್ಲಿ. ಮಾರುವವನ ಬೆರಳುಗಳನ್ನು ದಲಾಲನು ಬಟ್ಟೆಯ ಕೆಳಗೆ ಹಿಡಿದು ಅಂಕೆಯನ್ನು ಸೂಚಿಸುತ್ತಾನೆ. ಸುತ್ತ ನಿಂತವರಿಗೆ ಅದು ತಿಳಿಯದು. ಆ ಬಟ್ಟೆಯನ್ನು ಸರಿಸಿ ತೋರಿಸಿರೆಂದು ಕೇಳುವುದು ಅವಿವೇಕ. ಮುಚ್ಚಿರುವುದೇ ಆ ಪದ್ಧತಿಯ ಅರ್ಥವಾದುದರಿಂದ ಮುಚ್ಚಿದ ಕೈಗಳ ಮತ್ತು ಮುಖಗಳ ಚಿತ್ರವೇ ನಿಜವಾದ ದಾಖಲೆ. ಅದನ್ನೂ ಇಬ್ಬರ ಸಮ್ಮತಿಯಿಂದಲೇ ತೆಗೆಯಬೇಕು.

ಇಲ್ಲಿ ನಮ್ಮ ತಪ್ಪನ್ನು ಹೇಳಬೇಕು. ನಾವು ಜಾತ್ರೆಗೆ ಹೋದ ಮೊದಲನೆಯ ವರ್ಷ ಚಿತ್ರಗಳನ್ನು ಹೇರಳವಾಗಿ ತೆಗೆದೆವು, ಟಿಪ್ಪಣಿಗಳನ್ನು ತೀರ ಕಡಿಮೆ ಬರೆದುಕೊಂಡೆವು. ಅನಂತರ ಒಂದು ಚಿಕ್ಕ ಪ್ರದರ್ಶನದಲ್ಲಿ, ಎತ್ತಿನ ಹಗ್ಗವನ್ನು ಹಿಡಿದು ದಲಾಲನೊಡನೆ ನಿಂತ ರೈತರೊಬ್ಬರ ಚಿತ್ರಕ್ಕೆ ‘ಎತ್ತು ಮಾರುತ್ತಿರುವ ರೈತ’ ಎಂದು ಹೆಸರಿಟ್ಟೆವು. ಅವರ ಕೈಯಲ್ಲಿ ಹಗ್ಗವಿದ್ದುದೊಂದೇ ನಮಗಿದ್ದ ಆಧಾರ. ಪ್ರದರ್ಶನಕ್ಕೆ ಬಂದ ವಿದ್ಯಾರ್ಥಿನಿಯೊಬ್ಬಳು ಅದನ್ನು ತನ್ನ ಊರಿನವರಿಗೆ ಕಳುಹಿಸಿದಳು. ಎಂಟು ದಿನಗಳಲ್ಲಿ ಬಬಲೇಶ್ವರದ ಕಡೆಯ ಹಳ್ಳಿಯಿಂದ ಆ ರೈತರೇ ನಮ್ಮನ್ನು ಹುಡುಕಿಕೊಂಡು ಬಂದರು. “ನಾ ಮಾರಾಕ ಹೋಗಿದ್ದಿಲ್ರೀ ಸರ, ಜೋಡಿ ಮಾಡಾಕ ಹೋಗಿದ್ದೆ. ಎತ್ತ ಮಾರಿದ್ರಂತಲ್ಲ, ಮನ್ಯಾಗ ಏನ್ ತ್ರಾಸ ಐತಿ ಅಂತ ಬೀಗರು ಕೇಳಾಕತ್ತಾರ. ನಾ ಏನ್ ಹೇಳ್ಲಿ?” ಎಂದರು.

ಅವರ ಮಗಳ ಮದುವೆಯ ಮಾತುಕತೆ ಆಗ ನಡೆದಿತ್ತು. ಒಕ್ಕಲಿಗನು ಎತ್ತು ಮಾರಿದನೆಂದರೆ ಸಾಲ ಮಿತಿಮೀರಿತೆಂದೋ ಬೇಸಾಯ ಕೈಬಿಟ್ಟನೆಂದೋ ಊರವರು ತಿಳಿಯುತ್ತಾರೆ. ನಾವು ಬರೆದ ಮೂರು ಶಬ್ದಗಳು ಒಂದು ಮನೆತನದ ಪತ್ತನ್ನೇ ಸಂಶಯಕ್ಕೆ ಈಡುಮಾಡಿದ್ದವು. ಹೆಸರನ್ನು ಆ ಕೂಡಲೆ ತೆಗೆದೆವು. ಸರಿಯಾದ ವಿವರಣೆಯನ್ನು ಬರೆದ ಪ್ರತಿಯೊಂದನ್ನು ಮಾಡಿಸಿ ಅವರ ಮನೆಗೆ ಹೋದೆವು. ಬೀಗರ ಮುಂದೆಯೇ ತಪ್ಪು ನಮ್ಮದೆಂದು ಹೇಳಿದೆವು.

ಆ ಮನೆಯ ಪಡಸಾಲೆಯಲ್ಲಿ ನಾವು ಕಲಿತುದು ಜಾತ್ರೆಯಲ್ಲಿ ಕಲಿತುದಕ್ಕಿಂತ ಹೆಚ್ಚು. ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿ ಅವರು ವಿವರಿಸಿದರು: ಮನೆಯಲ್ಲಿದ್ದ ಎತ್ತು ಬಲಗೋಲಿಗೆ ಪಳಗಿದುದು, ಬೇಕಾದುದು ಎಡಗೋಲಿನ ಎತ್ತು, ಆದುದರಿಂದಲೇ ಹಗ್ಗವನ್ನು ಬೇಡಿ ಪಡೆದು, ಹೊಸ ಎತ್ತನ್ನು ತಮ್ಮ ಎಡಕ್ಕೆ ಹಿಡಿದು ನಾಲ್ಕು ಹೆಜ್ಜೆ ನಡೆಸಿ ನೋಡಿದ್ದರು. ಕೊಳ್ಳುವವನ ಕೈಗೆ ಹಗ್ಗ ಬಂದುದು ಹೀಗೆ. ನಾವು ಮಾರಾಟವೆಂದು ಭಾವಿಸಿದುದು ಪರೀಕ್ಷೆಯಾಗಿತ್ತು. ಚಿತ್ರದಲ್ಲಿ ಅದೆಲ್ಲವೂ ಇದ್ದಿತು. ಓದಲು ನಮಗೆ ಬರುತ್ತಿರಲಿಲ್ಲ.

5. ದಾಖಲೆಯ ಪುಸ್ತಕ

ಅಂದಿನಿಂದ ನಾವು ಅನುಸರಿಸುತ್ತಿರುವ ಕ್ರಮವು ಇದು. ಇಬ್ಬರು ಜೊತೆಯಾಗಿ ಹೋಗುತ್ತೇವೆ: ಒಬ್ಬರು ಚಿತ್ರ ತೆಗೆಯುವವರು, ಒಬ್ಬರು ಬರೆಯುವವರು. ಹೊರಡುವ ಮುನ್ನ ಕ್ಯಾಮರಾದ ಗಡಿಯಾರವನ್ನೂ ಬರೆಯುವವರ ಗಡಿಯಾರವನ್ನೂ ಒಂದೇ ಹೊತ್ತಿಗೆ ಹೊಂದಿಸುತ್ತೇವೆ; ಆಗ ಚಿತ್ರದೊಳಗೆ ತಾನಾಗಿ ದಾಖಲಾದ ಸಮಯಕ್ಕೂ ಪುಸ್ತಕದ ಸಾಲಿಗೂ ತಾಳೆಯಾಗುತ್ತದೆ. ಪುಸ್ತಕದಲ್ಲಿ ದಿನ, ಹೊತ್ತು, ಸ್ಥಳ, ದನದ ತಳಿ ಮತ್ತು ಹಲ್ಲು, ಒಡೆಯನು ತಾನಾಗಿ ಹೇಳಿದರೆ ಹೆಸರು ಮತ್ತು ಊರು, ಬಂದ ಉದ್ದೇಶ, ಚಿತ್ರವನ್ನು ಪ್ರಕಟಿಸಲು ಒಪ್ಪಿಗೆ ಉಂಟೋ ಇಲ್ಲವೋ ಎಂಬಿಷ್ಟು ಕಲಮುಗಳಿವೆ. ಕೇಳಿ ತಿಳಿದುದನ್ನು ಒಂದು ಶಾಯಿಯಲ್ಲಿ, ನಾವು ಊಹಿಸಿದುದನ್ನು ಇನ್ನೊಂದು ಶಾಯಿಯಲ್ಲಿ ಬರೆಯುತ್ತೇವೆ. ಊಹೆಯ ಶಾಯಿಯಲ್ಲಿರುವುದು ಚಿತ್ರದ ಕೆಳಗಿನ ಬರಹಕ್ಕೆ ಬರಕೂಡದು. ಬೆಲೆಯನ್ನು ಕೇಳುವುದಿಲ್ಲ, ಹೇಳಿದರೆ ಬರೆದುಕೊಂಡರೂ ಹೆಸರಿನೊಡನೆ ಪ್ರಕಟಿಸುವುದಿಲ್ಲ. ಮೂಲಚಿತ್ರವನ್ನು ತಿದ್ದದೆ ಮೂರು ಪ್ರತಿ ಮಾಡಿ, ಅವುಗಳಲ್ಲಿ ಒಂದನ್ನು ಬೇರೆ ಕಟ್ಟಡದಲ್ಲಿ ಇಡುತ್ತೇವೆ.

ಕೊನೆಯದಾಗಿ, ಚಿತ್ರದ ಪ್ರತಿಯನ್ನು ಅದರಲ್ಲಿರುವವರಿಗೆ ತಲುಪಿಸುವುದು. ಇದು ಸೌಜನ್ಯವಷ್ಟೇ ಅಲ್ಲ, ಸಂಶೋಧನೆಯ ಒಂದು ಹಂತ. ತನ್ನ ಚಿತ್ರವನ್ನು ಕೈಯಲ್ಲಿ ಹಿಡಿದ ಮನುಷ್ಯನು ನಮ್ಮ ತಪ್ಪನ್ನು ತಿದ್ದುತ್ತಾನೆ, ನಾವು ಕೇಳದಿದ್ದುದನ್ನೂ ಹೇಳುತ್ತಾನೆ. ಮರುವರ್ಷದ ಜಾತ್ರೆಗೆ ನಾವು ಹೋಗುವಾಗ ಕ್ಯಾಮರಾಕ್ಕಿಂತ ಮೊದಲು ಚೀಲಕ್ಕೆ ಸೇರುವುದು ಹಿಂದಿನ ವರ್ಷದ ಪ್ರತಿಗಳ ಕಟ್ಟು.

ಪ್ರತಿಯೊಂದು ಕಾಲೇಜಿನ ಸುತ್ತಲೂ ಇಂಥ ಜಾತ್ರೆಗಳಿವೆ. ವಿದ್ಯಾರ್ಥಿಗಳಲ್ಲಿ ಅನೇಕರು ಆ ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ಮನೆಗಳವರೇ. ಅಧ್ಯಾಪಕ ಮಿತ್ರರು ಅಂಥ ಇಬ್ಬರನ್ನು, ಒಂದು ಕ್ಯಾಮರಾ ಮತ್ತು ಒಂದು ಪುಸ್ತಕವನ್ನು ಕೊಟ್ಟು, ಬರುವ ಜಾತ್ರೆಗೆ ಕಳುಹಿಸಿದರೆ ಕಾರ್ಯವು ಆರಂಭವಾದಂತೆಯೇ.