ಟೇಪಿನೊಳಗಿನ ಹಳೆಯ ಗಾಯ

1910ರ ಸೆಪ್ಟೆಂಬರ್. ಟೋಕಿಯೊದಲ್ಲಿ ಘಟಾನುಘಟಿ ವಿದ್ವಾಂಸರು ನೆರೆದಿದ್ದರು. ಕುಮಾಮೊಟೊದ ತರುಣಿ ಚಿಜುಕೊ ಮಿಫುನೆಗೆ ಅಂದು ಪರೀಕ್ಷೆ. ಸೀಸದ ಕೊಳವೆಯೊಳಗೆ ಮುಚ್ಚಿಟ್ಟ ಚೀಟಿಯಲ್ಲಿ ಏನು ಬರೆದಿದೆ ಎಂದು ಆಕೆ ತೆರೆಯದೆಯೇ ಹೇಳಬೇಕು. ಹೇಳಿದಳು. ಆದರೆ ಅದು ಪರೀಕ್ಷಕರು ಕೊಟ್ಟ ಕೊಳವೆಯಲ್ಲ, ಅಭ್ಯಾಸಕ್ಕೆಂದು ಮನಶ್ಶಾಸ್ತ್ರಜ್ಞ ತೊಮೊಕಿಚಿ ಫುಕುರಾಯಿ ಕೊಟ್ಟದ್ದು! ಅನುಮಾನ ಪತ್ರಿಕೆಗಳಿಗೂ ಹಬ್ಬಿತು. ಮರುವರ್ಷದ ಜನವರಿಯಲ್ಲಿ ಚಿಜುಕೊ ವಿಷ ಕುಡಿದು ತೀರಿಕೊಂಡಳು. ವಯಸ್ಸು 24.

ಫುಕುರಾಯಿ ಅಷ್ಟರಲ್ಲಿ ಮಾರುಗಾಮೆಯ ಇಕುಕೊ ನಾಗಾವೊ ಎಂಬಾಕೆಯ ಮೇಲೂ ಪ್ರಯೋಗ ನಡೆಸಿದ್ದರು. ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಬರೀ ಮನಸ್ಸಿನಿಂದ ಅಕ್ಷರ ಮೂಡಿಸುವುದು. ಅದಕ್ಕೆ ಅವರಿಟ್ಟ ಹೆಸರು 'ನೆನ್ಶಾ'. ವಿಜ್ಞಾನ ಅದನ್ನು ಒಪ್ಪಲಿಲ್ಲ. ಅವರೂ ವಿಶ್ವವಿದ್ಯಾಲಯ ಬಿಡಬೇಕಾಯಿತು.

ಆ ಫಲಕದ ಜಾಗಕ್ಕೆ ವಿಡಿಯೊ ಕ್ಯಾಸೆಟ್ ಬಂದದ್ದು 1991ರಲ್ಲಿ, ಕೋಜಿ ಸುಜುಕಿ ಬರೆದ 'ರಿಂಗು' ಕಾದಂಬರಿಯಲ್ಲಿ. ಬಾವಿಗೆ ನೂಕಲ್ಪಟ್ಟು ಸತ್ತ ಸದಾಕೊ ಎಂಬಾಕೆಯ ಸಂಕಟವೇ ಟೇಪಿನ ಮೇಲೆ ಅಚ್ಚಾಗಿದೆ. ನೋಡಿದವರಿಗೆ ಏಳೇ ದಿನ ಆಯುಸ್ಸು. 1998ರಲ್ಲಿ ಹಿದಿಯೊ ನಕಾತಾ ಇದನ್ನು ತೆರೆಗೆ ತಂದರು. ಚಿತ್ರಕಥೆ ಹಿರೋಶಿ ತಕಹಾಶಿ ಅವರದು. ಕಾದಂಬರಿಯ ಪತ್ರಕರ್ತ ಇಲ್ಲಿ ರೇಕೊ ಎಂಬ ಒಂಟಿ ತಾಯಿಯಾದಳು. ಆ ಬದಲಾವಣೆಯಿಂದ ಕಥೆಗೆ ಕರುಳು ಬಂತು.

ಸದಾಕೊಳ ತಾಯಿ ಶಿಜುಕೊ ಸಭೆಯಲ್ಲಿ ತನ್ನ ಶಕ್ತಿ ತೋರಿಸುವಾಗ ಪತ್ರಕರ್ತರು ಎದ್ದು 'ಮೋಸ' ಎಂದು ಕೂಗುವ ದೃಶ್ಯವೊಂದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಚಿಜುಕೊ. ದೆವ್ವಕ್ಕಿಂತ ನನ್ನನ್ನು ಹೆಚ್ಚು ನಡುಗಿಸುವುದು ಆ ಕೂಗು.

ಸದಾಕೊಳ ನಡಿಗೆಯ ಗುಟ್ಟು ಸರಳ. ಕಬುಕಿ ನಾಟಕ ಶೈಲಿಯಲ್ಲಿ ಪಳಗಿದ ನಟಿ ರಿಯೆ ಇನೊ ಹಿಮ್ಮುಖವಾಗಿ ನಡೆದರು. ಆ ಚಿತ್ರಿಕೆಯನ್ನು ತಿರುಗಾಮುರುಗಾ ಓಡಿಸಿದರು. ಕೀಲು ತಪ್ಪಿದ ಆ ದೇಹ ಬಾವಿಯಿಂದ ಎದ್ದು, ಟಿವಿ ಪರದೆ ದಾಟಿ ಮನೆಯೊಳಕ್ಕೇ ಬರುತ್ತದೆ.

ಬದುಕುವ ದಾರಿ ಒಂದೇ: ಟೇಪನ್ನು ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಬೇಕು. ಟೇಪು ನೋಡಿಬಿಟ್ಟ ಮಗನನ್ನು ಉಳಿಸಿಕೊಳ್ಳಲು ರೇಕೊ ತನ್ನ ತಂದೆಯ ಮನೆಯತ್ತ ಕಾರು ಓಡಿಸುವಲ್ಲಿಗೆ ಚಿತ್ರ ಮುಗಿಯುತ್ತದೆ.

ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರಲ್ಲಿ ಕೈಚೆಲ್ಲಿತು. ಕ್ಯಾಸೆಟ್ಟಿಗೊಂದು ತೂಕವಿತ್ತು, ಕೊಡುವವರ ಮುಖ ಕಾಣುತ್ತಿತ್ತು. ಈಗ ಒಬ್ಬಳನ್ನು ಹಳಿಯುವ ವಿಡಿಯೊ ಬೆರಳು ತಾಗಿದರೆ ಸಾವಿರ ಮನೆಗೆ ಹೋಗುತ್ತದೆ. ಯಾರಿಗೆ ದಾಟಿಸುತ್ತಿದ್ದೇನೆಂದು ರೇಕೊಗಾದರೂ ಗೊತ್ತಿತ್ತು.