ಮಿದುಳಿನ ಕಿವಿ

ಕಿವಿ ಕೇಳುತ್ತದೆ ಎನ್ನುವುದು ವಾಡಿಕೆಯ ಮಾತು. ಕಿವಿ ಸದ್ದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅಷ್ಟೆ. ಇದು ತಾಯಿಯ ದನಿ, ಇದು ಚಿಲಕದ ಸದ್ದು ಎಂದು ಬೇರ್ಪಡಿಸುವ ವಿದ್ಯೆ ಮಿದುಳಿನದು. ಈ ವಿದ್ಯಾಭ್ಯಾಸ ಗರ್ಭದ ಕಡೆಯ ತಿಂಗಳುಗಳಲ್ಲಿಯೇ ಮೊದಲಾಗುತ್ತದೆ. ಹುಟ್ಟುಗಿವುಡಾದ ಕೂಸು ಆ ಪಾಠಗಳನ್ನು ಕಳೆದುಕೊಂಡೇ ಲೋಕಕ್ಕೆ ಬರುತ್ತದೆ.

ಒಳಕಿವಿಯ ಶಂಖದಾಕಾರದ ಸುರುಳಿಯಲ್ಲಿ ನಾದವನ್ನು ನರಕ್ಕೆ ಒಪ್ಪಿಸುವ ರೋಮಕೋಶಗಳು ಸುಮಾರು 3,500. ಅವು ಕೆಟ್ಟಿರುವಲ್ಲಿ ಶಸ್ತ್ರವೈದ್ಯರು ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ಎಳೆಯನ್ನು ಆ ಸುರುಳಿಯೊಳಗೆ ಇಡುತ್ತಾರೆ. ಅದರಲ್ಲಿರುವ ವಿದ್ಯುದ್ದ್ವಾರಗಳು ಸಾಮಾನ್ಯವಾಗಿ ಇಪ್ಪತ್ತೆರಡನ್ನು ಮೀರುವುದಿಲ್ಲ. ವರ್ಣಚಿತ್ರವೊಂದನ್ನು ಇದ್ದಿಲಿನ ನಾಲ್ಕು ಗೆರೆಗಳಲ್ಲಿ ಗೀಚಿ ಕೊಟ್ಟಂತೆ. ಇಷ್ಟು ಬಡ ಸಂಕೇತದಿಂದ ಎಳೆಯ ಮಿದುಳು ಇಡೀ ಒಂದು ಭಾಷೆಯನ್ನು ಕಟ್ಟಿಕೊಳ್ಳಬಲ್ಲುದೆಂಬುದು ನನ್ನ ಮಟ್ಟಿಗೆ ಶಸ್ತ್ರವಿದ್ಯೆಗಿಂತಲೂ ದೊಡ್ಡ ಸೋಜಿಗ.

ಆದರೆ ಯಾವ ವಯಸ್ಸಿನ ಮಿದುಳು? ಇದನ್ನು ಅಳೆಯಲು ಒಂದು ಉಪಾಯವಿದೆ. ಮಗುವಿನ ನೆತ್ತಿಗೆ ತಂತಿಗಳನ್ನು ಅಂಟಿಸಿ, 'ಬ' ಎಂಬ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಪ್ರತಿಸಲವೂ ಮಿದುಳಿನಲ್ಲಿ ವಿದ್ಯುತ್ತಿನ ಅಲೆಯೊಂದು ಏಳುತ್ತದೆ. ಅದರ ಮೊದಲ ಶಿಖರಕ್ಕೆ ಪಿ-1 ಎಂದು ಹೆಸರು. ನವಜಾತ ಶಿಶುವಿನಲ್ಲಿ ಅದು ಸುಮಾರು 300 ಮಿಲಿಸೆಕೆಂಡು ತಡೆದು ಕಾಣುತ್ತದೆ. ಮೂರು ವರ್ಷಕ್ಕೆ ಸುಮಾರು 125. ಪ್ರಾಯದವರಲ್ಲಿ ಸುಮಾರು 60. ಕೇಳಿಕೇಳಿ ಹಾದಿ ಸವೆದಂತೆಲ್ಲ ಅಲೆ ಬೇಗ ಬರುತ್ತದೆ. ಹುಡುಗನ ವಯಸ್ಸನ್ನು ಜಾತಕ ಹೇಳಿದರೆ, ಅವನ ಶ್ರವಣದ ವಯಸ್ಸನ್ನು ಈ ಅಲೆ ಹೇಳುತ್ತದೆ.

ಅಮೆರಿಕದ ಅನು ಶರ್ಮ, ಮೈಕೆಲ್ ಡಾರ್ಮನ್ ಮೊದಲಾದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಟ್ಟುಗಿವುಡಿನ 104 ಮಕ್ಕಳಿದ್ದರು. ಮೂರೂವರೆ ವರ್ಷದೊಳಗೆ ಸಾಧನ ಪಡೆದವರ ಅಲೆ ಓರಗೆಯ ಮಕ್ಕಳಂತೆಯೇ ಇತ್ತು. ಅದು ಸರಿಹೋಗಲು ಎಂಟು ತಿಂಗಳೇ ಸಾಕೆಂದು ಅವರ ಮತ್ತೊಂದು ಲೇಖನ ತೋರಿಸಿತು. ಏಳು ದಾಟಿದ ಮೇಲೆ ಪಡೆದವರಲ್ಲಿ ಹೆಚ್ಚಿನವರ ಅಲೆ ಹಿಂದೆಯೇ ಉಳಿದಿತ್ತು. ನಡುವಿನವರದು ಎರಡೂ ಬಗೆ. ಜರ್ಮನಿಯ ರೈನರ್ ಕ್ಲಿಂಕೆ, ಆಂದ್ರೆ ಕ್ರಾಲ್ ಮೊದಲಾದವರು ಕಿವುಡು ಬಿಳಿ ಬೆಕ್ಕುಗಳಲ್ಲಿ ಕಂಡದ್ದೂ ಇದನ್ನೇ: ಮರಿಯಾಗಿದ್ದಾಗ ಸಾಧನ ಇಟ್ಟರೆ ಮಿದುಳಿನ ಶ್ರವಣಭಾಗ ಬೆಳೆಯುತ್ತದೆ, ತಡವಾದಷ್ಟೂ ಕುಗ್ಗುತ್ತದೆ. ಬಹುಕಾಲ ಖಾಲಿಬಿದ್ದ ಮನೆಗೆ ಬೇರೆಯವರು ಒಕ್ಕಲು ಬರುವಂತೆ, ದೃಷ್ಟಿಯೂ ಸ್ಪರ್ಶವೂ ಅಲ್ಲಿ ಬಂದು ನೆಲೆಸುತ್ತವೆ.

"ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಹಿರಿಯರು ಸಮಾಧಾನ ಹೇಳುವ ವರುಷಗಳು ಈ ಮೂರೂವರೆಯ ಲೆಕ್ಕದಲ್ಲಿಯೇ ಕಳೆಯುತ್ತವೆ. ಕೂಸು ಹುಟ್ಟಿದ ವಾರದಲ್ಲಿಯೇ ಕಿವಿಯನ್ನು ಪರೀಕ್ಷಿಸುವುದು ಈಗ ಕೆಲವು ನಿಮಿಷಗಳ ಕೆಲಸ.

ಅಲೆ ಸರಿಯಾಯಿತೆಂದ ಮಾತ್ರಕ್ಕೆ ಮಾತು ಬಂದೀತೆಂದಲ್ಲ. ಮನೆಯವರು ದಿನವೂ ಎದುರು ಕುಳಿತು ಮಾತಾಡಬೇಕು. ತಡವಾಗಿ ಸಾಧನ ಪಡೆದ ಮಗು ಬಾಗಿಲು ಬಡಿದುದನ್ನು, ಕರೆದ ಹೆಸರನ್ನು ಕೇಳೀತು. ಸಂಭಾಷಣೆ ಅದಕ್ಕೆ ಕಷ್ಟ. ಅಂಥ ಮಗುವಿಗೆ ಸಂಜ್ಞಾಭಾಷೆ ತುಂಬು ಭಾಷೆಯೇ ಸರಿ. ಅದನ್ನು ಕಲಿಯಲೂ ಎಳೆತನವೇ ತಕ್ಕ ಕಾಲ. ಶಸ್ತ್ರಕ್ರಿಯೆಯ ದಿನ ಎಣಿಸುತ್ತ, ಕೈಸನ್ನೆ ಕಲಿತರೆ ಮಾತು ಬಾರದೆಂದು ಹೆದರಿ ಅದನ್ನೂ ತಡೆಯುವ ಮನೆಗಳಿವೆ. ಆ ತಿಂಗಳುಗಳಲ್ಲಿ ಮಗುವಿಗೆ ಯಾವ ಭಾಷೆಯೂ ಇರುವುದಿಲ್ಲ.